ಹಿತ್ತಾಳೆಯ ಸಣ್ಣ ತೂತು

ಹೋದ ದೀಪಾವಳಿಗೆ ಪುಣೆಯಿಂದ ಊರಿಗೆ ಹೋಗಲು ಟಿಕೆಟ್ ಸಿಗಲಿಲ್ಲ. ಆಫೀಸಿನಲ್ಲಿ ರಿಲೀಸ್ ಇತ್ತು ಎನ್ನುವುದು ಅಮ್ಮನಿಗೆ ಹೇಳದ ಇನ್ನೊಂದು ಕಾರಣ. ಹಬ್ಬದ ಎರಡು ದಿನ ಮುಳಶಿ ಕಡೆ ಇರುವ ಗೆಳೆಯನ ತೋಟದಲ್ಲಿ ಕಳೆದೆವು. ಗೆಳೆಯ ಧಾರವಾಡದವನು. ಅವನ ಶೆಡ್ಡಿನಲ್ಲಿ ಒಂದು ಕೆಂಪು ಎಟಿವಿ ನಿಂತಿತ್ತು. ರೆಸಾರ್ಟುಗಳಲ್ಲಿ ಮಕ್ಕಳನ್ನು ಕೂರಿಸಿ ಸುತ್ತಿಸುತ್ತಾರಲ್ಲ, ದಪ್ಪ ಚಕ್ರದ ನಾಲ್ಕು ಗಾಲಿಯ ಗಾಡಿ, ಅದೇ. ಎಂಜಿನ್ 110 ಸಿಸಿ, ಚೀನಾದ್ದು. ಯಾವ ಕಂಪನಿಯದೆಂಬ ಸ್ಟಿಕ್ಕರ್ ಯಾವಾಗಲೋ ಕಿತ್ತುಹೋಗಿತ್ತು. ಸ್ಟಾರ್ಟ್ ಆಗುತ್ತಿತ್ತು, ಐಡ್ಲಿಂಗಿನಲ್ಲಿ ಕೆಮ್ಮುತ್ತ ನಿಲ್ಲುತ್ತಿತ್ತು, ಹೆಬ್ಬೆರಳಿನಿಂದ ಥ್ರಾಟಲ್ ಒತ್ತಿದರೆ ಉಸಿರುಗಟ್ಟಿ ಆರಿಹೋಗುತ್ತಿತ್ತು.

'ಕಾರ್ಬೊರೇಟರ್ ಭಾಳ ಸಣ್ಣದು ಕೊಟ್ಟಾರೋ ಇದಕ್ಕ. ಅದಕ್ಕ ಜೋರು ಬರಂಗಿಲ್ಲ. ದೊಡ್ಡದು ತರಿಸೇನಿ ನೋಡು' ಎಂದು ಗೆಳೆಯ ಒಂದು ಡಬ್ಬಿ ತೆಗೆದ. ಒಳಗೆ ಫಳಫಳ ಹೊಳೆಯುವ 26 ಮಿಲಿಮೀಟರಿನ ಕಾರ್ಬೊರೇಟರ್, ಜೊತೆಗೆ ಅದಕ್ಕೆ ಹೊಂದುವ ಇನ್‌ಟೇಕ್ ಪೈಪು. ಗಾಡಿಯಲ್ಲಿದ್ದದ್ದು ಪಿಝಡ್19 ಎಂದು ಕೆತ್ತಿದ ಸಣ್ಣದು. ನನ್ನ ಮಗನಿಗೆ ಹತ್ತು ವರ್ಷ. ಅವನು ಆಗಲೇ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದ.

ನಾನು ಎಂಟೆಕ್‌ನಲ್ಲಿ ಓದಿದ್ದು ಥರ್ಮಲ್ ಎಂಜಿನಿಯರಿಂಗ್. ಹೊಟ್ಟೆ ಹೊರೆಯುತ್ತಿರುವುದು ಎಕ್ಸೆಲ್ ಶೀಟಿನಿಂದ. ಇಪ್ಪತ್ತು ವರ್ಷಗಳಲ್ಲಿ ಸ್ಪ್ಯಾನರ್ ಹಿಡಿದದ್ದು ಸೈಕಲ್ಲಿಗೆ ಮಾತ್ರ. ಆದರೂ ಗೆಳೆಯನೆದುರು ಗೊತ್ತಿಲ್ಲ ಎನ್ನಲಾಗಲಿಲ್ಲ. ಆ ಎರಡು ದಿನ, ಮತ್ತು ಆಮೇಲೆ ನಿದ್ದೆ ಬಾರದ ಹಲವು ರಾತ್ರಿ ಈ ಸಣ್ಣ ಗಾಡಿಯ ಸಣ್ಣ ಕಾರ್ಬೊರೇಟರಿನ ಹಿಂದೆ ಬಿದ್ದೆ. ಅದನ್ನು ಯಾಕೆ ಅಷ್ಟು ಸಣ್ಣದಾಗಿ ಇಟ್ಟರು ಎಂಬ ಪ್ರಶ್ನೆ ನನ್ನನ್ನು ಎಲ್ಲೆಲ್ಲಿಗೋ ಕರೆದೊಯ್ದಿತು.

ಕಾರ್ಬೊರೇಟರಿನ ಕೆಲಸ ಹೇಳಲು ಸುಲಭ: ಗಾಳಿಗೆ ಪೆಟ್ರೋಲನ್ನು ಅಳತೆ ಮಾಡಿ ಬೆರೆಸುವುದು. ಪೆಟ್ರೋಲು ಪೂರ್ತಿ ಉರಿಯಬೇಕಾದರೆ ತೂಕದ ಲೆಕ್ಕದಲ್ಲಿ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಎಳೆತ ಹೆಚ್ಚು ಬೇಕಿದ್ದರೆ ಗಾಳಿ 13ರ ಆಸುಪಾಸಿಗೆ ಇಳಿಯಬೇಕು. ಕಾರ್ಲ್ ಬೆಂಜ್ 1885ರಲ್ಲಿ ಮಾಡಿದ ಮೂರು ಗಾಲಿಯ ಕಾರಿನಲ್ಲಿ ಈ ಅಳತೆಯ ಗೋಜೇ ಇರಲಿಲ್ಲ. ಪೆಟ್ರೋಲಿನ ಮೇಲೆ ಗಾಳಿ ಹಾಯಿಸಿ, ಎದ್ದ ಆವಿಯನ್ನು ಎಂಜಿನ್ ಎಳೆದುಕೊಳ್ಳುತ್ತಿತ್ತು. ಅಗಲ ಪಾತ್ರೆಯಲ್ಲಿಟ್ಟ ಸಾರು ಆರುವಾಗ ಹಬೆ ಏಳುತ್ತದಲ್ಲ, ಹಾಗೆ. ಚಳಿಗೆ ಒಂದು ಥರ, ಬಿಸಿಲಿಗೆ ಇನ್ನೊಂದು ಥರ.

ಪೆಟ್ರೋಲನ್ನು ಸಣ್ಣ ತೂತಿನಿಂದ ಸಿಂಪಡಿಸುವ ಉಪಾಯ ಹೊಳೆದದ್ದು ಬುಡಾಪೆಸ್ಟಿನ ದೊನಾತ್ ಬಾಂಕಿ ಮತ್ತು ಯಾನೋಶ್ ಚೊಂಕಾ ಎಂಬಿಬ್ಬರಿಗೆ. ಅವರು ಪೇಟೆಂಟಿಗೆ ಅರ್ಜಿ ಹಾಕಿದ್ದು 1893ರ ಫೆಬ್ರವರಿಯಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಡೈಮ್ಲರನ ಜೊತೆಗಾರ ವಿಲ್‌ಹೆಲ್ಮ್ ಮೇಬಾಖ್ ಫ್ರಾನ್ಸಿನಲ್ಲಿ ಅಂಥದ್ದೇ ಒಂದಕ್ಕೆ ಪೇಟೆಂಟ್ ಪಡೆದ. ಹೆಸರು ಉಳಿದದ್ದು ಹೆಚ್ಚಾಗಿ ಮೇಬಾಖನದೇ. ಹಂಗೆರಿಯವರಿಗೆ ಈ ಸಂಕಟ ಇನ್ನೂ ಇದೆ. ಅವರಲ್ಲಿ ಪ್ರಚಲಿತವಾದ ಒಂದು ಕತೆಯ ಪ್ರಕಾರ ಬಾಂಕಿ, ಚೊಂಕಾ ದಾರಿಯಲ್ಲಿ ಹೋಗುವಾಗ ಹೂ ಮಾರುವ ಹುಡುಗಿಯೊಬ್ಬಳು ಕೊಳವೆಯೊಂದನ್ನು ಬಾಯಲ್ಲಿಟ್ಟು ಊದಿ ಹೂಗಳಿಗೆ ನೀರು ಸಿಂಪಡಿಸುತ್ತಿದ್ದಳಂತೆ. ನಿಂತು ನೋಡಿದರಂತೆ. ಕತೆ ನಿಜವೋ ಸುಳ್ಳೋ, ಯಂತ್ರದ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ನಮ್ಮ ಪ್ರೊಫೆಸರರು ವಿವರಿಸಿದ್ದು ನನಗೆ ನೆನಪಿಲ್ಲ. ಗಾಳಿ ಇಕ್ಕಟ್ಟಿನಲ್ಲಿ ಓಡುವಾಗ ಅಲ್ಲಿ ಒತ್ತಡ ಇಳಿಯುತ್ತದೆ. ಆಗ ಕೆಳಗಿನ ಬಟ್ಟಲಿನಲ್ಲಿರುವ ದ್ರವ ತಾನೇ ಮೇಲೇರಿ ಹನಿಹನಿಯಾಗಿ ಗಾಳಿಗೆ ಬೀಳುತ್ತದೆ. ಇಕ್ಕಟ್ಟು ಇಲ್ಲದಿದ್ದರೆ ಎಳೆತವಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ದಾವಣಗೆರೆಯಲ್ಲಿ ನಮ್ಮ ಬೀದಿಯ ತುದಿಗೆ ಒಬ್ಬ ಮೆಕ್ಯಾನಿಕ್ ಇದ್ದ. ತೊಂಬತ್ತರ ದಶಕದ ಮೊದಲ ವರ್ಷಗಳು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಯೆಜ್ಡಿಗಳು, ಲೂನಾಗಳು ಅವನ ಮುಂದೆ ಸಾಲಾಗಿ ನಿಂತಿರುತ್ತಿದ್ದವು. ಕಾರ್ಬೊರೇಟರ್ ಬಿಚ್ಚಿ, ಹಿತ್ತಾಳೆಯ ಜೆಟ್ಟನ್ನು ತುಟಿಗಿಟ್ಟು ಊದಿ, ಸೂರ್ಯನಿಗೆ ಹಿಡಿದು ತೂತಿನೊಳಗಿಂದ ನೋಡುತ್ತಿದ್ದ. ಒಮ್ಮೆ ಅವನ ಶಿಷ್ಯ ಅದರೊಳಗೆ ತಂತಿ ತೂರಿಸಲು ಹೋದಾಗ ತಲೆಗೆ ಮೊಟಕಿದ್ದು ಚೆನ್ನಾಗಿ ನೆನಪಿದೆ. ತಂತಿ ಕೊಳೆಯ ಜೊತೆ ಹಿತ್ತಾಳೆಯನ್ನೂ ಕೆರೆಯುತ್ತದೆ, ಆಮೇಲೆ ತೂತು ಮೊದಲಿನ ತೂತಲ್ಲ. ಕೈಹಿನ್ ಕಂಪನಿಯ ಜೆಟ್ಟುಗಳ ಮೇಲಿನ ಸಂಖ್ಯೆ ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದ್ದು; 75 ಎಂದರೆ 0.75 ಮಿಲಿಮೀಟರ್. ಆ ಸಂಖ್ಯೆಗಳ ಅರ್ಥ ಅವನಿಗೆ ಗೊತ್ತಿತ್ತೋ ಇಲ್ಲವೋ, ಬೆಲೆ ಗೊತ್ತಿತ್ತು.

ಇನ್ನು ಎಟಿವಿಯ ಕತೆ. ಇದು ಶುರುವಾದದ್ದು ಚಳಿಗಾಲದ ಒಂದು ವ್ಯಾಪಾರದ ಚಿಂತೆಯಿಂದ. 1960ರ ದಶಕದ ಕೊನೆಗೆ ಅಮೆರಿಕದಲ್ಲಿ ಹೋಂಡಾ ಬೈಕುಗಳು ಚೆನ್ನಾಗಿ ಮಾರಾಟವಾಗುತ್ತಿದ್ದವು, ಆದರೆ ಹಿಮ ಬಿದ್ದೊಡನೆ ಅಂಗಡಿಗಳು ಖಾಲಿ. ಚಳಿಗಾಲದಲ್ಲೂ ಮಾರಬಲ್ಲ ಏನನ್ನಾದರೂ ಕೊಡಿ ಎಂದು ಅಲ್ಲಿನವರು ಜಪಾನಿಗೆ ಕೇಳಿದರು. ಕೆಲಸ ಬಿದ್ದದ್ದು ಒಸಾಮು ತಾಕೆಉಚಿ ಎಂಬ ಎಂಜಿನಿಯರನ ಮೇಲೆ. ಎರಡು, ಮೂರು, ನಾಲ್ಕು, ಐದು, ಕೊನೆಗೆ ಆರು ಗಾಲಿಗಳವರೆಗೂ ಮಾದರಿ ಮಾಡಿ ನೋಡಿದ. ಸಣ್ಣ ಎಂಜಿನ್ನಿಗೆ ಹಿಮ, ಕೆಸರು, ಮರಳು ಮೂರರಲ್ಲೂ ಸರಿಹೋದದ್ದು ಮೂರು ಗಾಲಿ. ಗಾಲಿ ಕಿರಿದಾದರೆ ಹಿಮದಲ್ಲಿ ಹೂತುಹೋಗುತ್ತದೆ. ಅದಕ್ಕೆ ಬಲೂನಿನಂಥ ದಪ್ಪ ಟೈರು, ಒಳಗೆ ಎರಡು ಪಿಎಸ್‌ಐ ಆಸುಪಾಸಿನ ಗಾಳಿ. ನಮ್ಮ ಕಾರಿನ ಟೈರಿಗೆ ಮೂವತ್ತರ ಹತ್ತಿರ ಹಾಕುತ್ತೇವೆ, ಹೋಲಿಸಿ ನೋಡಿ.

1970ರಲ್ಲಿ ಅದು ಯುಎಸ್90 ಎಂಬ ಹೆಸರಿನಲ್ಲಿ ಬಂತು. 89 ಸಿಸಿಯ ನಾಲ್ಕು ಸ್ಟ್ರೋಕಿನ ಎಂಜಿನ್, ಏಳು ಅಶ್ವಶಕ್ತಿ, ಬೆಲೆ 595 ಡಾಲರ್. ಆಮೇಲೆ ಎಟಿಸಿ90 ಆಯಿತು. 1971ರ ಜೇಮ್ಸ್ ಬಾಂಡ್ ಚಿತ್ರ 'ಡೈಮಂಡ್ಸ್ ಆರ್ ಫಾರೆವರ್'ನಲ್ಲಿ ಚಂದ್ರನ ಗಾಡಿಯನ್ನು ಬೆನ್ನಟ್ಟಿ ಹೋಗುವ ಮೂರು ಗಾಲಿಗಳು ಇವೇ. ಇದರ ಕಾರ್ಬೊರೇಟರ್ ಬೈಕಿನಿಂದ ಬಂದದ್ದು, ಸಣ್ಣದು, ಮೇಲೊಂದು ಚೋಕ್. ಚಳಿಗಾಲದಲ್ಲಿ ಮಾರಲೆಂದೇ ಹುಟ್ಟಿದ ಗಾಡಿ ಚಳಿಯಲ್ಲಿ ಸ್ಟಾರ್ಟ್ ಆಗಬೇಕು, ನಿಧಾನ ವೇಗದಲ್ಲಿ ಹಿಮದಿಂದ ಎಳೆಯಬೇಕು. ಎರಡಕ್ಕೂ ಬೇಕಾದದ್ದು ಕಿರಿದಾದ ಕೊಳವೆಯಲ್ಲಿ ವೇಗವಾಗಿ ಓಡುವ ಗಾಳಿ. ಅಲ್ಲಿಗೆ ನನ್ನ ಪ್ರಶ್ನೆಯ ಮೊದಲ ಉತ್ತರ ಸಿಕ್ಕಿತು: ಸಣ್ಣದಾಗಿಟ್ಟದ್ದು ಜಿಪುಣತನಕ್ಕಲ್ಲ.

ಆದರೆ ಅಮೆರಿಕದವರ ಕೈಗೆ ಸಿಕ್ಕ ಯಂತ್ರ ಇದ್ದ ಹಾಗೆ ಇರುವುದಿಲ್ಲ. 1980ರ ದಶಕದಲ್ಲಿ ಗಾಡಿಗಳು ದೊಡ್ಡವಾದವು, ಚುರುಕಾದವು. 1982ರಲ್ಲಿ ಸುಝುಕಿ ನಾಲ್ಕು ಗಾಲಿಯ ಕ್ವಾಡ್‌ರನ್ನರ್ ಎಲ್‌ಟಿ125 ತಂದಿತು. 1987ರ ಮಾಡೆಲ್ಲಾಗಿ ಯಮಾಹಾದ ಬ್ಯಾನ್ಶಿ ಬಂತು: 347 ಸಿಸಿ, ಎರಡು ಸಿಲಿಂಡರಿನ ಟೂ ಸ್ಟ್ರೋಕ್, ಎರಡು 26 ಮಿಲಿಮೀಟರಿನ ಮಿಕುನಿ ಕಾರ್ಬೊರೇಟರುಗಳು. ನನ್ನ ಗೆಳೆಯ 110 ಸಿಸಿಗೆ ಹಾಕಲು ಹೊರಟದ್ದು ಅಂಥದ್ದೇ ಅಳತೆಯ ಒಂದನ್ನು ಎಂದು ಗೊತ್ತಾದಾಗ ನಗು ಬಂತು. ಅಲ್ಲಿ ಒಂದು ಸಿಲಿಂಡರ್ 173 ಸಿಸಿ, ಅದೂ ಪ್ರತಿ ಸುತ್ತಿಗೂ ಉಸಿರೆಳೆಯುವ ಟೂ ಸ್ಟ್ರೋಕ್.

ಬ್ಯಾನ್ಶಿಯ ಜೊತೆಗೆ ಕಾರ್ಬೊರೇಟರ್ ಬದಲಿಸುವ ಹವ್ಯಾಸ ಒಂದು ಸಂಸ್ಕೃತಿಯಾಯಿತು. ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳುದಿಬ್ಬಗಳಲ್ಲಿ ವಾರಾಂತ್ಯಕ್ಕೆ ನೆರೆಯುವವರು ದೊಡ್ಡ ಕಾರ್ಬೊರೇಟರ್, ಬೇರೆ ಸೈಲೆನ್ಸರ್, ತೆರೆದ ಏರ್ ಫಿಲ್ಟರ್ ಎಂದು ಒಂದರ ಹಿಂದೆ ಒಂದು ಬದಲಿಸಿದರು. ಒಂದನ್ನು ಬದಲಿಸಿದರೆ ಜೆಟ್ಟನ್ನೂ ಬದಲಿಸಲೇಬೇಕು, ಗಾಳಿ ಹೆಚ್ಚಾದಷ್ಟು ಪೆಟ್ರೋಲು ಹೆಚ್ಚಬೇಕಲ್ಲ. ಎತ್ತರದ ಲೆಕ್ಕ ಬೇರೆ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಏರಿದರೆ ಗಾಳಿ ಸುಮಾರು ಹತ್ತನೇ ಒಂದು ಪಾಲು ತೆಳುವಾಗುತ್ತದೆ. ಕೊಲೊರಾಡೊದ ಬೆಟ್ಟಗಳಲ್ಲಿ ಹದ ಮಾಡಿದ ಗಾಡಿಯನ್ನು ಹಾಗೇ ಗ್ಲಾಮಿಸಿಗೆ ತಂದರೆ ಗಾಳಿ ದಟ್ಟ, ಪೆಟ್ರೋಲು ಮೊದಲಿನಷ್ಟೇ. ಎಂಜಿನ್ ವಿಪರೀತ ಕಾಯುತ್ತದೆ, ಟೂ ಸ್ಟ್ರೋಕಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಮುಂಬಯಿಯಿಂದ 560 ಮೀಟರ್ ಎತ್ತರದ ಪುಣೆಗೆ ಹಳೆಯ ಬೈಕು ತಂದವರು ಈ ಮಾತಿನ ಸಣ್ಣ ರೂಪವನ್ನು ಉಲ್ಟಾ ದಿಕ್ಕಿನಲ್ಲಿ ಅನುಭವಿಸಿರಬಹುದು.

ಇದೆಲ್ಲ ದೊಡ್ಡವರ ಆಟ. ಅದೇ ವರ್ಷಗಳಲ್ಲಿ ಇನ್ನೊಂದು ಲೆಕ್ಕ ಬೆಳೆಯುತ್ತಿತ್ತು. ಮೂರು ಗಾಲಿಯ ಗಾಡಿ ತಿರುವಿನಲ್ಲಿ ಮಗುಚುತ್ತದೆ. ಹಿಂದಿನ ಎರಡು ಚಕ್ರಗಳು ಒಂದೇ ಅಚ್ಚಿಗೆ ಬಿಗಿದಿರುವುದರಿಂದ ಸವಾರ ಮೈ ವಾಲಿಸಿ ತಿರುಗಿಸಬೇಕು, ಅದು ಅಭ್ಯಾಸದಿಂದ ಬರುವಂಥದ್ದು. ಮಕ್ಕಳಿಗೆ ಅಷ್ಟು ತೂಕವೇ ಇರುವುದಿಲ್ಲ. ನೂರಾರು ಜನ ಸತ್ತರು, ಅವರಲ್ಲಿ ಹದಿನಾರು ತುಂಬದ ಮಕ್ಕಳು ಬಹಳ. ಕೊನೆಗೆ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಮೊಕದ್ದಮೆ ಹೂಡಿತು. 1988ರಲ್ಲಿ ಹೋಂಡಾ, ಯಮಾಹಾ, ಸುಝುಕಿ, ಕವಾಸಾಕಿ, ಪೊಲಾರಿಸ್ ಐದೂ ಕಂಪನಿಗಳು ಕೋರ್ಟಿನಲ್ಲಿ ಹತ್ತು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದವು. ಹೊಸ ಮೂರು ಗಾಲಿಗಳ ಮಾರಾಟ ನಿಂತಿತು. ಹದಿನಾರು ತುಂಬದವರಿಗೆ 90 ಸಿಸಿಗಿಂತ ದೊಡ್ಡದು ಕೂಡದು, ಹನ್ನೆರಡು ತುಂಬದವರಿಗೆ 70 ಸಿಸಿಗಿಂತ ದೊಡ್ಡದು ಕೂಡದು ಎಂಬ ಗೆರೆ ಎಳೆದದ್ದು ಆಗ.

ಇದನ್ನು ಓದಿದ ರಾತ್ರಿ ಶೆಡ್ಡಿನಲ್ಲಿದ್ದ 110 ಸಿಸಿ ಗಾಡಿಯೂ ಹೆಲ್ಮೆಟ್ ಹಾಕಿಕೊಂಡು ನಿಂತ ಹತ್ತು ವರ್ಷದ ಮಗನೂ ಒಟ್ಟಿಗೆ ಕಣ್ಣ ಮುಂದೆ ಬಂದರು. ಆ ಗೆರೆಯ ಪ್ರಕಾರ ಅವನು ಅದರ ಮೇಲೆ ಕೂರುವಂತೆಯೇ ಇಲ್ಲ. ಹಾಗಾದರೆ ಅಂಥ ಗಾಡಿಗಳು ಮಕ್ಕಳದೆಂದು ಹೇಗೆ ಮಾರಾಟವಾದವು?

ಮುಂದೆ ಗೆರೆ ಬದಲಾಯಿತು. ಸಿಸಿ ನೋಡಿ ಹೇಳುವುದಾದರೆ ಹದಿನಾಲ್ಕರ ಎತ್ತರದ ಹುಡುಗರು ತಮಗೆ ಸಣ್ಣದಾದ ಗಾಡಿ ಬಿಟ್ಟು ಅಪ್ಪನ ದೊಡ್ಡ ಗಾಡಿ ಹತ್ತುತ್ತಾರೆ ಎಂಬ ವಾದ ಬಂತು. 2007ರ ಮಾನದಂಡದಲ್ಲಿ ಸಿಸಿಯ ಬದಲು ವೇಗ ಬಂತು. 2008ರ ಕಾನೂನಿನ ಬಲದಿಂದ 2009ರಲ್ಲಿ ಅದು ಕಡ್ಡಾಯವಾಯಿತು. ಹತ್ತು ದಾಟಿದವರ ಗಾಡಿ ಗಂಟೆಗೆ 30 ಮೈಲಿ, ಅಂದರೆ 48 ಕಿಲೋಮೀಟರ್ ಮೀರಬಾರದು. ಅದರಲ್ಲಿ ಒಂದು ಲಿಮಿಟರ್ ಇರಬೇಕು. ಅದನ್ನು ಹಾಕಿದಾಗ 15 ಮೈಲಿ, ಅಂದರೆ 24 ಕಿಲೋಮೀಟರಿಗೆ ನಿಲ್ಲಬೇಕು. ಇಂಥ ಸಣ್ಣ ಗಾಡಿಗಳಲ್ಲಿ ಈ ಲಿಮಿಟರ್ ಎಂದರೆ ಸಾಮಾನ್ಯವಾಗಿ ಹೆಬ್ಬೆರಳ ಥ್ರಾಟಲಿನ ಡಬ್ಬಿಗೆ ಹಾಕಿದ ಒಂದು ಸ್ಕ್ರೂ. ಒಳಕ್ಕೆ ತಿರುಗಿಸಿದರೆ ಥ್ರಾಟಲ್ ಅರ್ಧಕ್ಕೇ ತಡೆದು ನಿಲ್ಲುತ್ತದೆ. ಹೊರಕ್ಕೆ ತಿರುಗಿಸಿದರೆ ಪೂರ್ತಿ. ಕೋರ್ಟು, ಆಯೋಗ, ಕಾನೂನು ಎಲ್ಲ ದಾಟಿ ಬಂದ ಒಪ್ಪಂದ ಕೊನೆಗೆ ನಾಲ್ಕಾಣೆಯ ಸ್ಕ್ರೂ ಒಂದರ ಮೇಲೆ ಕೂತಿದೆ, ಅದನ್ನು ತಿರುಗಿಸುವುದು ಯಾವ ಅಪ್ಪನಾದರೂ ಮಾಡಬಲ್ಲ ಕೆಲಸ.

ಇನ್ನೊಂದು ಸ್ಕ್ರೂವಿನ ಕತೆಯೂ ಇದೆ. ಅಮೆರಿಕದ ಪರಿಸರ ಇಲಾಖೆ 2002ರಲ್ಲಿ ಎಟಿವಿಗಳ ಹೊಗೆಗೂ ಮಿತಿ ಹಾಕಿತು. 2006 ಮತ್ತು 2007ರ ಮಾಡೆಲ್ಲುಗಳಿಂದ ಅದು ಹಂತಹಂತವಾಗಿ ಜಾರಿಗೆ ಬಂತು. ಕಂಪನಿಗಳು ಪೆಟ್ರೋಲು ಕಡಿಮೆ ಕೊಡುವ ಜೆಟ್ಟು ಹಾಕಿ, ಐಡ್ಲಿಂಗಿನ ಮಿಶ್ರಣ ಹೊಂದಿಸುವ ಸ್ಕ್ರೂವಿಗೆ ಲೋಹದ ಮುಚ್ಚಳ ಜಡಿದವು. ಸಣ್ಣ ಎಟಿವಿ ತಣ್ಣಗಿದ್ದಾಗ ಕೆಮ್ಮುವುದು, ಥ್ರಾಟಲ್ ಒತ್ತಿದಾಗ ಒಂದು ಕ್ಷಣ ಸುಸ್ತಾಗುವುದು ಎಷ್ಟೋ ಸಲ ಈ ಬಡ ಮಿಶ್ರಣದಿಂದ. ಮುಚ್ಚಳಕ್ಕೆ ಡ್ರಿಲ್ ಹಾಕಿ ಕೀಳುವುದು ಅಲ್ಲಿನ ಹವ್ಯಾಸಿಗಳ ಮೊದಲ ಪಾಠವಾಯಿತು. ಇದರಲ್ಲಿ ನಾನು ಯಾರ ಕಡೆ ಎಂದು ಖಚಿತವಾಗಿ ಹೇಳಲಾರೆ. ದಾವಣಗೆರೆಯ ಆ ಗ್ಯಾರೇಜಿನ ನೀಲಿ ಹೊಗೆಯಲ್ಲಿ ಬೆಳೆದವನು ನಾನು, ಪುಣೆಯ ಗಾಳಿ ಕುಡಿದು ಇನ್‌ಹೇಲರ್ ಹಿಡಿದಿರುವವನು ನನ್ನ ಮಗ.

ನಮ್ಮಲ್ಲಿ ಈ ಜಗಳ ಬೇರೆ ರೀತಿ ಮುಗಿಯಿತು. ಪುಣೆ ಹತ್ತಿರದ ಚಾಕಣದಲ್ಲಿ ಕೈಹಿನ್-ಫೈ, ಚೆನ್ನೈನಲ್ಲಿ ಮಿಕುನಿಯ ಸಹಯೋಗದ ಯುಕಾಲ್ ನಮ್ಮ ಬೈಕುಗಳಿಗೆ ಕಾರ್ಬೊರೇಟರ್ ಮಾಡುತ್ತಿದ್ದವು. 2020ರ ಏಪ್ರಿಲ್ ಒಂದರಿಂದ ಬಿಎಸ್6 ಬಂದು ಹೊಸ ಬೈಕುಗಳಲ್ಲಿ ಹೆಚ್ಚಿನವಕ್ಕೆ ಇಂಜೆಕ್ಷನ್ ಬಂತು. ರಸ್ತೆಗಿಳಿಯದ ಈ ತೋಟದ ಗಾಡಿಗಳಲ್ಲಿ ಕಾರ್ಬೊರೇಟರ್ ಉಳಿದುಕೊಂಡಿದೆ. ಚೀನಾದ ಈ ಮಲಗಿದ ಸಿಲಿಂಡರಿನ 110 ಸಿಸಿ ಎಂಜಿನ್ನೂ ಹೋಂಡಾ ಕಬ್ ವಂಶದ್ದೇ. 1958ರ ಸೂಪರ್ ಕಬ್‌ನಿಂದ ಬೆಳೆದ ಮನೆತನದ ನಕಲು. ಹಾಗೆ ನೋಡಿದರೆ ಮುಳಶಿಯ ಶೆಡ್ಡಿನಲ್ಲಿದ್ದದ್ದು ತಾಕೆಉಚಿಯ ಗಾಡಿಯ ದೂರದ ದಾಯಾದಿ.

ಮಾರನೆಯ ದಿನ ಬೆಳಿಗ್ಗೆ ಗೆಳೆಯನ ಹಠಕ್ಕೆ 26ರದನ್ನೇ ಕೂರಿಸಿದೆವು. ಐಡ್ಲಿಂಗ್ ಹೇಗೋ ಹಿಡಿಯಿತು. ಥ್ರಾಟಲ್ ಒತ್ತಿದರೆ ಮೊದಲಿಗಿಂತ ಕಡೆ. 110 ಸಿಸಿಯ ಸಣ್ಣ ಪುಪ್ಪುಸಕ್ಕೆ ಅಷ್ಟು ಅಗಲದ ಬಾಗಿಲು ಕೊಟ್ಟರೆ ಗಾಳಿ ಓಡುವುದಿಲ್ಲ, ನಡೆಯುತ್ತದೆ. ಒತ್ತಡ ಇಳಿಯುವುದಿಲ್ಲ, ಪೆಟ್ರೋಲು ಮೇಲೇರುವುದಿಲ್ಲ. ಹೂವಿನ ಹುಡುಗಿ ಬಾಯಿ ಅಗಲ ಮಾಡಿ ಹಾ ಎಂದು ಊದಿದ ಹಾಗೆ.

ಅದಕ್ಕಿಂತ ಮುಖ್ಯವಾದದ್ದು ಆಗ ಹೊಳೆಯಿತು. ಕಾರ್ಬೊರೇಟರಿನಲ್ಲಿ ಥ್ರಾಟಲ್ ಮುಚ್ಚಿದಾಗಿನಿಂದ ಕಾಲು ಭಾಗದವರೆಗೆ ಪೈಲಟ್ ಜೆಟ್ಟಿನ ಆಡಳಿತ, ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿಯದು, ಅಲ್ಲಿಂದಾಚೆ ಮೇನ್ ಜೆಟ್ಟಿನದು. ಲಿಮಿಟರ್ ಸ್ಕ್ರೂ ಅರ್ಧಕ್ಕೇ ತಡೆದಿರುವಾಗ ಮೇನ್ ಜೆಟ್ಟಿನ ಸರದಿ ಬರುವುದೇ ಇಲ್ಲ. ದೊಡ್ಡ ಕಾರ್ಬೊರೇಟರಿನಿಂದ ಏನಾದರೂ ಲಾಭವಿದ್ದರೆ ಅದು ಆ ಸ್ಕ್ರೂ ಬಿಚ್ಚಿದ ಮೇಲಷ್ಟೇ. ಗೆಳೆಯ ಕೇಳುತ್ತಿದ್ದದ್ದು ಕಾರ್ಬೊರೇಟರ್, ಅವನಿಗೆ ಬೇಕಿದ್ದದ್ದು ಲಿಮಿಟರ್ ಇಲ್ಲದ ಗಾಡಿ. ಕ್ಲೈಂಟ್ ಕೇಳುವುದಕ್ಕೂ ಬೇಕಾದದ್ದಕ್ಕೂ ಇರುವ ಈ ಅಂತರದಲ್ಲೇ ನನ್ನ ಸಂಬಳ ಹುಟ್ಟುವುದು, ಆದರೂ ಹೊಳೆಯಲು ಒಂದೂವರೆ ದಿನ ಬೇಕಾಯಿತು.

'ನಿನ್ನ ಮಗಾ ಅಳಬುರುಕ ಆಗತಾನ' ಎಂದು ಅವನು ಗೊಣಗಿದ. ನಾನು ಹಳೆಯದನ್ನೇ ಮತ್ತೆ ಬಿಚ್ಚಿದೆ. ಬಟ್ಟಲಿನ ತಳದಲ್ಲಿ ಹಸಿರು ಪಾಚಿಯಂಥ ಅಂಟು. ವರ್ಷಗಟ್ಟಲೆ ನಿಂತ ಪೆಟ್ರೋಲಿನ ಕರಾಮತ್ತು. ಪೈಲಟ್ ಜೆಟ್ಟಿನ ತೂತು ಪೂರ್ತಿ ಮುಚ್ಚಿತ್ತು. ಕ್ಲೀನರ್ ಸಿಂಪಡಿಸಿ, ಊದಿ, ಬಿಸಿಲಿಗೆ ಹಿಡಿದು ನೋಡಿದೆ. ತಂತಿ ಹಾಕಲಿಲ್ಲ. ಮಿಶ್ರಣದ ಸ್ಕ್ರೂವನ್ನು ಮೊದಲು ತಪ್ಪು ದಿಕ್ಕಿಗೆ ತಿರುಗಿಸಿ ಅರ್ಧ ಗಂಟೆ ಹಾಳು ಮಾಡಿದೆ. ಸ್ಕ್ರೂ ಏರ್ ಫಿಲ್ಟರಿನ ಕಡೆ ಇದ್ದರೆ ಅದು ಗಾಳಿಯದು, ಹೊರಕ್ಕೆ ತಿರುಗಿಸಿದಷ್ಟು ಮಿಶ್ರಣ ಬಡವಾಗುತ್ತದೆ; ಎಂಜಿನ್ ಕಡೆ ಇದ್ದರೆ ಪೆಟ್ರೋಲಿನದು, ಹೊರಕ್ಕೆ ತಿರುಗಿಸಿದಷ್ಟು ಶ್ರೀಮಂತ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಶೇಕಡಾ 20. ಅದಕ್ಕೆ ಬೇಕಾದ ಗಾಳಿ 14.7ರ ಬದಲು 13.5ರ ಹತ್ತಿರ. ಹಳೆಯ ಜೆಟ್ಟಿನ ಅಳತೆಗೆ ಹೊಸ ಪೆಟ್ರೋಲು ಬಡವೇ. ಅದಕ್ಕೆ ಸೂಜಿಯ ಕ್ಲಿಪ್ಪನ್ನು ಒಂದು ಗೆರೆ ಕೆಳಗೆ ಹಾಕಿ ಸೂಜಿಯನ್ನು ಮೇಲೆತ್ತಿದೆ.

ಮಧ್ಯಾಹ್ನ ನಾಲ್ಕಕ್ಕೆ ಗಾಡಿ ತಡವರಿಸದೆ ಎಳೆಯಿತು. ಲಿಮಿಟರ್ ಸ್ಕ್ರೂವಿನ ನಟ್ಟನ್ನು ಇನ್ನಷ್ಟು ಬಿಗಿಮಾಡಿ ಮಗನನ್ನು ಕೂರಿಸಿದೆ. ಮಾವಿನ ಮರಗಳ ಸುತ್ತ ಹತ್ತಾರು ಸುತ್ತು ಹಾಕಿದ. ಇಳಿದವನು ಇದು ಇಷ್ಟೇನಾ ಓಡೋದು ಎಂದು ಕೇಳಿದ. ಸದ್ಯಕ್ಕೆ ಇಷ್ಟೇ ಎಂದೆ. ಪ್ಲಗ್ ಬಿಚ್ಚಿ ನೋಡಿದರೆ ಹಾಲು ಹಾಕಿದ ಕಾಫಿಯ ಬಣ್ಣ ಇರಬೇಕಾದಲ್ಲಿ ತುಸು ಕಪ್ಪು ಹಿಡಿದಿತ್ತು. ಕ್ಲಿಪ್ ಮತ್ತೆ ಮೊದಲಿನ ಗೆರೆಗೇ ಏರಬೇಕೇನೋ. ಮುಂದಿನ ಸಲ ಹೋದಾಗ ನೋಡಬೇಕು.